ತೊಳೆಯದ ಸಂಪು ಮತ್ತು ಆರನೇ ಚೀಟಿ

ನವರಾತ್ರಿ ಕಳೆದ ಮೇಲಿನ ಸೋಮವಾರ. ಮಳೆಗಾಲ ಹೋಗಲೋ ಇರಲೋ ಎಂದು ಅನುಮಾನಿಸುತ್ತಿದ್ದ ದಿನಗಳು. ಬೆಳಗಿನ ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ತ್ಯಾಗರಾಜನಗರದ ಸೀತಮ್ಮನವರ ಮನೆಯ ಕಾರ್ ಶೆಡ್ಡಿನಲ್ಲಿ ಚಿನ್ನಪ್ಪ ಆಯುಧಪೂಜೆಯ ಬಾಡಿದ ಚೆಂಡುಹೂವನ್ನು ಗುಡಿಸಿ ಮೂಲೆಗೆ ಕೂಡಿಸುತ್ತಿದ್ದ. ಗೇಟು ಕಿರ್ರೆಂದಿತು. ಬಂದವನು ಸಿದ್ದರಾಜು. ದಿನದ ಹಾಗೆ "ಕಾಫಿ ಆಯ್ತಾ ಚಿನ್ನಪ್ಪಣ್ಣ?" ಎನ್ನಲಿಲ್ಲ. ನೇರವಾಗಿ ಗೋಡೆಯ ಹತ್ತಿರ ಹೋಗಿ ತನ್ನ ಬಿದಿರಿನ ಏಣಿಯನ್ನು ಹೆಗಲಿಗೆತ್ತಿಕೊಂಡ.

"ಇವತ್ತು ಯಾವ ಸಂಪಯ್ಯಾ?" ಎಂದು ಚಿನ್ನಪ್ಪ ಕೇಳಿದ.

"ಇನ್ನು ಯಾವ ಸಂಪೂ ಇಲ್ಲ. ನಿನ್ನೆ ಸಾಯಂಕಾಲ ಮೇಲ್ಗಡೆ ಆಫೀಸಿನ ಬಸವಪ್ರಸಾದ್ ಸಾರ್ ಫೋನ್ ಮಾಡಿದ್ರು. ನಾಳೆಯಿಂದ ಬರಬೇಡ ಅಂದ್ರು. ಸಾಮಾನು ತಗೊಂಡೋಗ್ತೀನಿ."

ಹಾಗೆಂದವನು ಏಣಿ ಹೊತ್ತುಕೊಂಡೇ ನಿಂತ. ಹೋಗಲೂ ಇಲ್ಲ, ಇಳಿಸಲೂ ಇಲ್ಲ.

ಸಿದ್ದರಾಜು ಹದಿನೆಂಟು ವರ್ಷದಿಂದ ಕುಡಿಯುವ ನೀರಿನ ಸಂಪು ತೊಳೆಯುವವನು. ಅವನದೊಂದು ಪದ್ಧತಿ ಇತ್ತು. ಸಂಪು ತೊಳೆದು ಹೊಸ ನೀರು ಬಿಟ್ಟ ಮೇಲೆ, ಮನೆಯವರ ಕಣ್ಣೆದುರಿಗೇ ಮೊದಲ ಬೊಗಸೆ ತಾನು ಕುಡಿಯುತ್ತಿದ್ದ. ಆಮೇಲೆಯೇ ಮುಚ್ಚಳ ಹಾಕುತ್ತಿದ್ದ. ಅಂಥವನನ್ನು ಕೆಲಸದಿಂದ ತೆಗೆದರು ಎಂದರೆ ಚಿನ್ನಪ್ಪನಿಗೆ ಅರ್ಥವಾಗಲಿಲ್ಲ. ಏಣಿಯ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಕೆಳಗಿಳಿಸಿದ.

"ಅಮ್ಮಾವ್ರ ಹತ್ರ ಒಂದ್ಮಾತು ಹೇಳಿ ಹೋಗು," ಎಂದಷ್ಟೇ ಹೇಳಿದ.

ಸೀತಮ್ಮನವರು ಜಯನಗರ ನಾಲ್ಕನೇ ಬ್ಲಾಕಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮೂವತ್ತೊಂದು ವರ್ಷ ನೆಗೆಟಿವ್ ತಿದ್ದಿದವರು. ಮದುಮಗಳ ಕೆನ್ನೆಯ ಮೊಡವೆ, ಸೋದರಮಾವನ ಕೋಟಿನ ಮೇಲೆ ಬಿದ್ದ ಸಾರಿನ ಕಲೆ, ಎಲ್ಲವನ್ನೂ ಸೀಸದ ಕಡ್ಡಿಯ ತುದಿಯಲ್ಲಿ ಅಳಿಸುತ್ತಿದ್ದರು. ಅಳಿಸಿ ಅಳಿಸಿ, ಇಲ್ಲದ ಕಲೆ ಯಾವುದು ಇರುವ ಕಲೆ ಯಾವುದು ಎಂದು ಅವರ ಕಣ್ಣಿಗೆ ಗೊತ್ತಾಗಿಬಿಟ್ಟಿತ್ತು. ಈಗಲೂ ಬೀದಿಯವರು ಏನಾದರೂ ಕಳೆದುಹೋದರೆ, ಯಾರ ಮೇಲಾದರೂ ಗುಮಾನಿ ಬಂದರೆ, ಪೊಲೀಸ್ ಸ್ಟೇಷನ್ನಿಗೆ ಹೋಗುವ ಮುಂಚೆ ಅವರ ಜಗಲಿಗೆ ಬರುತ್ತಿದ್ದರು. ಚಿನ್ನಪ್ಪ ಅದೇ ಸ್ಟುಡಿಯೋದಲ್ಲಿ ಶಟರ್ ಎತ್ತಿ, ಡಾರ್ಕ್ ರೂಮಿನ ಟ್ರೇ ತೊಳೆಯುತ್ತಿದ್ದವನು. ಸ್ಟುಡಿಯೋ ಮುಚ್ಚಿದ ಮೇಲೆ ಇವರ ಹಿತ್ತಲಿನ ಕೋಣೆಗೆ ಬಂದ. ಓದಿದ್ದು ಎರಡನೇ ಕ್ಲಾಸು. ಬರೆದಿಡಲು ಬಾರದ್ದರಿಂದ ಕೇಳಿದ್ದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ರೂಢಿ.

ಸೀತಮ್ಮನವರು ಸಿದ್ದರಾಜುವಿಗೆ ಕಾಫಿ ಕೊಟ್ಟು ಎದುರಿಗೆ ಕೂತರು.

"ಮೊದಲಿಂದ ಹೇಳು. ಬೇಜಾರು ಆಮೇಲೆ ಮಾಡ್ಕೋ."

ಅವನು ಹೇಳಿದ್ದು ಇಷ್ಟು. ಕತ್ರಿಗುಪ್ಪೆಯ ಒಂದು ಅಪಾರ್ಟ್‌ಮೆಂಟಿನ ಸಂಪು ತೊಳೆಯುವ ದಿನ ಕಳೆದ ಬುಧವಾರಕ್ಕೆ ಬಿದ್ದಿತ್ತು. ಅವತ್ತೇ ಆಯುಧಪೂಜೆ. ಏಣಿ, ಬ್ರಶ್ಶು, ಪಂಪು ಎಲ್ಲವನ್ನೂ ಪೂಜೆಗಿಟ್ಟರೆ ವಿಜಯದಶಮಿ ಮುಗಿಯುವ ತನಕ ಅವನು ಮುಟ್ಟುವುದಿಲ್ಲ. ಆದ್ದರಿಂದ ಮಂಗಳವಾರವೇ ಆಫೀಸಿಗೆ ಹೋಗಿ, ಕೆಲಸ ಹಂಚುವ ರೇಖಾಗೆ "ಶುಕ್ರವಾರ ಮಾಡ್ತೀನಕ್ಕ" ಎಂದಿದ್ದ. ಅವಳು ಹೂಂ ಎಂದಿದ್ದಳು. ಶುಕ್ರವಾರ ಬೆಳಗ್ಗೆ ಫೋನಿನಲ್ಲಿ ಪಟ್ಟಿ ತೆಗೆದು ನೋಡಿದರೆ ಕತ್ರಿಗುಪ್ಪೆಯೇ ಇಲ್ಲ.

"ಹಬ್ಬದಲ್ಲಿ ಕೆಲಸ ಆಚೀಚೆ ಮಾಡೋದು ಮಾಮೂಲಮ್ಮ. ಇನ್ಯಾರಿಗೋ ಕೊಟ್ಟವ್ರೆ ಅಂದ್ಕೊಂಡು ಬಿಟಿಎಂ ಕಡೆ ಹೋದೆ. ನಿನ್ನೆ ಭಾನುವಾರ ಕತ್ರಿಗುಪ್ಪೇಲಿ ಎರಡು ಮಕ್ಕಳಿಗೆ, ಒಬ್ಬ ಅಜ್ಜಿಗೆ ವಾಂತಿ ಶುರುವಾಗಿ ಆಸ್ಪತ್ರೆಗೆ ಹೋದ್ರಂತೆ. ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಪಾಚಿ, ಸತ್ತ ಇಲಿ. ಆ್ಯಪಲ್ಲಿ ಮಾತ್ರ ಬುಧವಾರ ಸಂಜೆ ಆರು ನಲವತ್ತಕ್ಕೆ ಸಿದ್ದರಾಜು ತೊಳೆದ ಅಂತ ಐತೆ. ಫೋಟೋನೂ ಐತಂತೆ."

"ಆ ಫೋಟೋ ನೀನು ನೋಡಿದ್ಯಾ?"

"ನನಗ್ಯಾರು ತೋರಿಸ್ತಾರಮ್ಮ?" ಅವನು ಕಾಫಿ ಲೋಟ ಕೆಳಗಿಟ್ಟ. "ಕೆಲಸ ಎಲ್ಲಾದ್ರೂ ಸಿಕ್ಕುತ್ತೆ. ಆದ್ರೆ ತೊಳೀದೇ ತೊಳೆದೆ ಅಂದೋನು ಅನ್ನೋ ಹೆಸರು ಬಂದ್ರೆ, ಇನ್ಯಾರು ನನ್ನ ಕೈಗೆ ನೀರು ಕೊಡ್ತಾರೆ?"

ಅಷ್ಟರಲ್ಲಿ ಧೃತಿ ಬಂದಳು. ಇದೇ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಬಸವಪ್ರಸಾದರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಸಿದ್ದರಾಜುವನ್ನು ಕಂಡು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟಳು. ಆಮೇಲೆ ತಾನಾಗಿ ಒಳಗೆ ಬಂದು ನೆಲದ ಮೇಲೆ ಕೂತಳು.

"ಆಂಟಿ, ಇವರು ಸುಳ್ಳು ಹೇಳೋರಲ್ಲ. ಎರಡು ತಿಂಗಳು ಇವರ ಹಿಂದೆ ಓಡಾಡಿದ್ದೀನಿ, ನನಗ್ಗೊತ್ತು."

"ಗೊತ್ತಿದ್ರೆ ಸಾಲದು ಮಗು. ಆ ನಿಮ್ಮ ಆ್ಯಪು ಹೇಗೆ ಕೆಲಸ ಮಾಡುತ್ತೆ, ಅದನ್ನ ಹೇಳು. ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳು."

ಆ್ಯಪಿನ ಹೆಸರು 'ಸರದಿ'. ಸಂಪು ತೊಳೆಯುವವರು, ಲಿಫ್ಟ್ ನೋಡುವವರು, ತೋಟದವರು, ಇಂಥವರಿಗೆ ಅವತ್ತಿನ ಕೆಲಸ ಯಾವುದು, ಎಲ್ಲಿ ಎಂದು ತೋರಿಸುವ ಪಟ್ಟಿ. ಕೆಲಸ ಮುಗಿದ ಮೇಲೆ ಒಂದು ಫೋಟೋ ತೆಗೆದು, ಮುಗಿಯಿತೆಂದು ಗುರುತು ಹಾಕಬೇಕು. ಹಳೆಯ ಆ್ಯಪಿನಲ್ಲಿ ಬರೀ ಅಕ್ಷರ. ಅರ್ಧ ಜನಕ್ಕೆ ಓದಲು ಬಾರದು. ಅದಕ್ಕಾಗಿ ಧೃತಿ ಮೂವತ್ತೆರಡು ಜನ ಕೆಲಸದವರ ಜೊತೆ ಓಡಾಡಿ, ಅವರು ಹೇಗೆ ಕೆಲಸ ಮಾಡುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡಿ, ಅವರವರ ಮಾತನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಆ ಗೋಡೆ ನೋಡಿಕೊಂಡು ಪ್ರಮೋದ್ ಎಂಬ ಹುಡುಗ ಹೊಸ ಆ್ಯಪಿನ ಚಿತ್ರ, ಬಣ್ಣ, ಜೋಡಣೆ ಮಾಡಿದ್ದ. ಕತ್ರಿಗುಪ್ಪೆ, ಬಿಟಿಎಂ, ಕೋಣನಕುಂಟೆ, ಮೂರು ಕಡೆ ಹದಿನೈದು ದಿನ ಅದರ ಪರೀಕ್ಷೆ ನಡೆದಿತ್ತು.

"ಬುಧವಾರ ಕೊನೇ ದಿನ. ಒಂದು ಕೆಲಸ ಬಾಕಿ ಉಳಿದ್ರೂ ಹಳೇದಕ್ಕೇ ವಾಪಸ್ ಹೋಗ್ತೀವಿ ಅಂತ ಬಸವಪ್ರಸಾದ್ ಸಾರ್ ಹೇಳ್ಬಿಟ್ಟಿದ್ರು. ಒಂದೂ ಬಾಕಿ ಉಳೀಲಿಲ್ಲ."

"ಇವನಲ್ಲದೆ ಬೇರೆ ಯಾರಾದ್ರೂ ಇವನ ಹೆಸರಲ್ಲಿ ಗುರುತು ಹಾಕಬಹುದಾ?"

ಧೃತಿ ತಲೆ ತಗ್ಗಿಸಿದಳು. "ಹಾಕಬಹುದು. ಅದೂ ನನ್ನಿಂದಾನೇ ಆಗಿದ್ದು. ಕೆಲಸ ಮಾಡುವಾಗ ಇವರ ಕೈ ಒದ್ದೆ ಇರುತ್ತೆ, ಫೋನ್ ಮುಟ್ಟೋಕಾಗಲ್ಲ. ಆಫೀಸಿಗೆ ಕೂಗಿ ಹೇಳಿದ್ರೆ ಅವರ ಪರವಾಗಿ ನಾವು ಹಾಕೋ ಹಾಗೆ ಮಾಡಿದ್ವಿ. ಸಾರ್, ರೇಖಾ ಅಕ್ಕ, ಪ್ರಮೋದ್, ನಾನು. ನಾಲ್ಕೇ ಫೋನಲ್ಲಿ ಆಗುತ್ತೆ. ಯಾವ ಫೋನಿಂದ ಹಾಕಿದ್ರು ಅಂತ ಬರೆದಿಟ್ಕೊಳ್ಳೋದನ್ನ ಇನ್ನೂ ಸೇರಿಸಿಲ್ಲ."

"ಅಂದ್ರೆ ಇವನು, ಇಲ್ಲ ನಿಮ್ಮ ನಾಲ್ಕು ಜನರಲ್ಲಿ ಒಬ್ಬರು."

"ಹೌದು ಆಂಟಿ. ಮೂರು ಜನ ಅನ್ನಿ ಅಂತ ಕೇಳೋಕೆ ನನಗೆ ಹಕ್ಕಿಲ್ಲ."

ಸೀತಮ್ಮನವರು ಕನ್ನಡಕ ಒರೆಸಿಕೊಂಡು ಎದ್ದರು. "ನಡೀರಿ ಚಿನ್ನಪ್ಪನೋರೇ, ಮೇಲೆ ಹೋಗಿ ಬರೋಣ. ನೀನೂ ಬಾ ಸಿದ್ದರಾಜು. ಏಣಿ ಇಲ್ಲೇ ಇರಲಿ."

ಆಫೀಸು ಎಂದರೆ ಒಂದು ಉದ್ದನೆಯ ಕೋಣೆ. ಬಸವಪ್ರಸಾದ್ ಬಾಗಿಲಲ್ಲೇ ಎದುರಾದರು. ಒಳ್ಳೆಯ ಮನುಷ್ಯ, ಗಡಿಬಿಡಿಯವರು. ಮನೆಯ ಮಾಲೀಕರನ್ನು ಬೇಡ ಎನ್ನಲಾಗದೆ ಕುರ್ಚಿ ಎಳೆದು ಕೊಟ್ಟರು.

"ಮೇಡಂ, ನಾಲ್ಕು ಗಂಟೆಗೆ ಕತ್ರಿಗುಪ್ಪೆ ಅಸೋಸಿಯೇಷನ್ ಸೆಕ್ರೆಟರಿ ಚಿದಾನಂದ್ ಬರ್ತಾ ಇದ್ದಾರೆ. ಅವರಿಗೆ ನಾನು ಏನಾದ್ರೂ ಉತ್ತರ ಕೊಡಲೇಬೇಕು."

"ಕೊಡೋಣಂತೆ. ಫೋಟೋ ತೋರಿಸಿ."

ಬಸವಪ್ರಸಾದ್ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ತಿಳಿನೀಲಿ ಟೈಲ್ಸಿನ ಗೋಡೆ, ಗೋಡೆಗೆ ಕೂರಿಸಿದ ಸ್ಟೀಲಿನ ಮೆಟ್ಟಿಲು, ಮೊಣಕಾಲಷ್ಟು ತಿಳಿನೀರು. ಚಿತ್ರದ ಮೇಲ್ಗಡೆ ಕೆಂಪಗೆ, ಮಬ್ಬಾಗಿ ಏನೋ ಹರಡಿತ್ತು.

"ಇದು ಕತ್ರಿಗುಪ್ಪೆ ಸಂಪೇ ಅಲ್ಲ!" ಸಿದ್ದರಾಜುವಿನ ದನಿ ಏರಿತು. "ಅಲ್ಲಿ ಬರೀ ಸಿಮೆಂಟು. ಮೆಟ್ಟಿಲಿಲ್ಲ, ಅದಕ್ಕೇ ಏಣಿ ಹೊರೋದು. ಇದು ಕೋಣನಕುಂಟೇದು. ಹಬ್ಬದ ಮುಂಚೆ ಸೋಮವಾರ ತಾನೇ ತೊಳೆದೆ!"

ಬಸವಪ್ರಸಾದ್ ನಿಟ್ಟುಸಿರು ಬಿಟ್ಟರು. "ನೋಡಿ ಮೇಡಂ, ಅವನೇ ಒಪ್ಕೊಂಡ. ಸೋಮವಾರ ಕೋಣನಕುಂಟೇಲಿ ತೆಗೆದಿಟ್ಕೊಂಡ ಫೋಟೋನ ಬುಧವಾರ ಇಲ್ಲಿಗೆ ಹಾಕಿದ್ದಾನೆ. ಸಂಪಿನ ಒಳಗೆ ಸಿಗ್ನಲ್ ಸಿಗಲ್ಲ ಅಂತ, ಮೊದಲೇ ತೆಗೆದ ಫೋಟೋನೂ ತಗೊಳ್ಳೋ ಹಾಗೆ ಮಾಡಿದ್ದೀವಿ."

ತನ್ನ ಮಾತೇ ತನ್ನ ಮೇಲೆ ತಿರುಗಿತೆಂದು ಸಿದ್ದರಾಜುವಿನ ಮುಖ ಹೇಳುತ್ತಿತ್ತು.

"ಮೇಲ್ಗಡೆ ಕೆಂಪಗಿರೋದು ಏನು?" ಎಂದು ಸೀತಮ್ಮನವರು ಕೇಳಿದರು.

"ಕಬ್ಬಿಣದ ತುಕ್ಕು ಇರಬೇಕು ಆಂಟಿ," ಎಂದ ಪ್ರಮೋದ್, ಕಂಪ್ಯೂಟರಿನಿಂದ ತಲೆಯೆತ್ತದೆ.

ರೇಖಾ ಮೂಲೆಯಲ್ಲಿ ಕೂತು ಕರವಸ್ತ್ರ ಹಿಂಡುತ್ತಿದ್ದಳು. "ತಪ್ಪು ನಂದೇ ಸಾರ್. ಶುಕ್ರವಾರಕ್ಕೆ ಬದಲಾಯಿಸಿ ಅಂತ ಸಿದ್ದರಾಜಣ್ಣ ಹೇಳಿದ್ರು. ಹಬ್ಬದ ಗಲಾಟೇಲಿ ಮರೆತೆ. ಬದಲಾಯಿಸಿದ್ರೆ ಅದು ಬುಧವಾರದ ಬಾಕಿಯಾಗಿ ಕಾಣ್ತಾನೇ ಇರಲಿಲ್ಲ."

"ನಿನ್ನ ಮನೆ ಎಲ್ಲಮ್ಮ?"

"ಕೋಣನಕುಂಟೆ." ಹೇಳಿದ ಮೇಲೆ ಅವಳಿಗೇ ಆ ಮಾತಿನ ಭಾರ ಗೊತ್ತಾಗಿ ಇನ್ನಷ್ಟು ಅತ್ತಳು.

"ಪ್ರಮೋದೂ ಆ ಕಡೆಯವನೇ ಆಂಟಿ, ಇಬ್ಬರೂ ಒಂದೇ ಮೆಟ್ರೋದಲ್ಲಿ ಬರ್ತಾರೆ," ಎಂದು ಧೃತಿ ಅವಳನ್ನು ಉಳಿಸುವವಳಂತೆ ನಡುವೆ ಹೇಳಿದಳು.

ಚಿನ್ನಪ್ಪ ಬಾಗಿಲ ಬಳಿ ನಿಂತು ಎಲ್ಲ ನೋಡುತ್ತಿದ್ದ. ಬುಧವಾರ ಹನ್ನೊಂದು ಗಂಟೆಗೆ ಇವರೆಲ್ಲರ ಫೋನಿಗೂ ಶೆಡ್ಡಿನಲ್ಲಿ ಪೂಜೆ ಮಾಡಿದವನು ಅವನೇ. ಬಾಳೆಲೆಯ ಮೇಲೆ ಸಾಲಾಗಿ ಬೋರಲು ಇಟ್ಟು ಗಂಧ ಹಚ್ಚಿ ಕುಂಕುಮವಿಟ್ಟಿದ್ದ. ವಿಜಯದಶಮಿ ಕಳೆಯುವ ತನಕ ಒರೆಸಬೇಡಿ ಎಂದೂ ಹೇಳಿದ್ದ. ಬಸವಪ್ರಸಾದರ ದೊಡ್ಡ ಫೋನಿಗೆ ಮೂಲೆಯಲ್ಲಿ ಮೂರು ಕ್ಯಾಮೆರಾ ಕಣ್ಣು. ನಡುವೆ ಅವನಿಟ್ಟ ಕುಂಕುಮ ಇನ್ನೂ ಮಾಸದೆ ಇತ್ತು. ರೇಖಾಳ ಫೋನಿಗೆ ಪರ್ಸಿನಂಥ ಬಟ್ಟೆಯ ಕವರು, ಕುಂಕುಮ ಬಟ್ಟೆಯ ಮೇಲೆ. ಧೃತಿಯದಕ್ಕೆ ಮೂಲೆಯಲ್ಲಿ ಎರಡು ಕಣ್ಣು, ನಡುವೆ ಒಣಗಿದ ಗಂಧ. ಸಿದ್ದರಾಜುವಿನ ಹಳೆಯ ಫೋನಿಗೆ ಮೂಲೆಯಲ್ಲಿ ಒಂದೇ ಒಂದು, ನಡುವೆ ಕುಂಕುಮದ ಗುರುತು. ಪ್ರಮೋದನ ಫೋನು ಮೇಜಿನ ಮೇಲೆ ಬೋರಲಾಗಿತ್ತು. ಅದರ ಬೆನ್ನಿನ ಮೇಲ್ಗಡೆ ನಟ್ಟನಡುವೆ ಬಟ್ಟಲಿನಂಥದೊಂದು ಗುಂಡು, ಈಗ ತಾನೇ ತೊಳೆದಿಟ್ಟಂತೆ ಥಳಥಳ ಹೊಳೆಯುತ್ತಿತ್ತು. ಈ ಹುಡುಗನೊಬ್ಬ ಒರೆಸಿಬಿಟ್ಟಿದ್ದಾನಲ್ಲ ಎಂದು ಚಿನ್ನಪ್ಪನ ಮನಸ್ಸಿಗೆ ಸಣ್ಣಗೆ ಚುಚ್ಚಿತು. ಈಗಿನವರು, ಎಂದುಕೊಂಡು ಸುಮ್ಮನಾದ.

ಸೀತಮ್ಮನವರು ಅಷ್ಟರಲ್ಲಿ ಗೋಡೆಯ ಮುಂದಿದ್ದರು. ಉದ್ದಕ್ಕೂ ಬಣ್ಣಬಣ್ಣದ ಚೀಟಿ. ಒಬ್ಬೊಬ್ಬರಿಗೆ ಒಂದೊಂದು ಸಾಲು.

"ಸಿದ್ದರಾಜು ಹೇಳಿದ್ದು ಯಾವ್ದು?"

"ಈ ಹಳದಿ ಸಾಲು ಆಂಟಿ. ಐದಿದೆ."

"ಆರು," ಎಂದ ಚಿನ್ನಪ್ಪ, ತನಗೇ ಎಂಬಂತೆ.

ಸೀತಮ್ಮನವರು ತಿರುಗಿ ಅವನನ್ನು ನೋಡಿದರು. ಮತ್ತೆ ಗೋಡೆಯನ್ನು ನೋಡಿದರು. ಐದನೇ ಚೀಟಿಯ ಪಕ್ಕ ಒಂದು ಚೀಟಿಯಷ್ಟು ಜಾಗ ಖಾಲಿ. ಸುಣ್ಣದ ಮೇಲೆ ಅಂಟಿನ ಟೇಪಿನ ಚೂರೊಂದು ಉಳಿದಿತ್ತು. ಅವರು ಕೆಳಗಿಳಿದರು.

ಜಗಲಿಯಲ್ಲಿ ಕೂತ ಮೇಲೆ ಚಿನ್ನಪ್ಪ ತಡೆಯಲಾಗದೆ ಕೇಳಿದ. "ರೇಖಮ್ಮನೇ ಅಂತೀರಾ ಅಮ್ಮಾವ್ರೇ? ಕೋಣನಕುಂಟೆ ಮನೆ, ಬದಲಾಯಿಸೋಕೆ ಬೇರೆ ಮರೆತಿದ್ದಾಳೆ. ತನ್ನ ತಪ್ಪು ಮುಚ್ಕೊಳ್ಳೋಕೆ..."

"ನೀವೂ ಪತ್ತೇದಾರರಾಗಿಬಿಟ್ರಲ್ಲ! ಇರಲಿ, ಎರಡು ವಿಷಯ ಜ್ಞಾಪಿಸ್ಕೊಂಡು ಹೇಳಿ. ಆ ಹುಡುಗಿ ಶೆಡ್ಡಲ್ಲಿ ಕೂತು ಸಿದ್ದರಾಜುನ ಮಾತು ಬರ್ಕೊಂಡಾಗ ನೀವು ಅಲ್ಲೇ ಇದ್ರಲ್ಲ. ಏನೇನು ಹೇಳ್ದ?"

ಚಿನ್ನಪ್ಪ ಕಣ್ಣು ಮುಚ್ಚಿದ. ಎರಡು ತಿಂಗಳ ಹಿಂದಿನ ಮಧ್ಯಾಹ್ನ ನಿಧಾನವಾಗಿ ಬಂತು. "ಅಕ್ಷರ ಬೇಡ, ಆ ಕಟ್ಟಡದ ಚಿತ್ರ ಹಾಕಿ ಅಂದ. ಕೈ ಒದ್ದೆ ಇರುತ್ತೆ ಅಂದ. ಬಿಸಿಲಲ್ಲಿ ಫೋನ್ ಕಾಣಲ್ಲ ಅಂದ. ಕೆಂಪು ಬಣ್ಣ ಹಾಕಿ ಹೆದರಿಸಬೇಡಿ ಅಂದ. ಒಂದು ದಿನಕ್ಕೆ ಎರಡೇ ಸಂಪು ಕೊಡಿ ಅಂದ. ಆಮೇಲೆ ಎದ್ದು ಹೋಗ್ತಾ ಹೋಗ್ತಾ, 'ಮುಗಿದ ಕೆಲಸಾನೂ ಕಣ್ಮುಂದೇನೇ ಇರಲಿ ಮೇಡಂ. ಅಳಿಸಿಬಿಟ್ರೆ ಇನ್ಯಾರಿಗೋ ಕೊಟ್ರು ಅಂದ್ಕೊಂಡ್ಬಿಡ್ತೀನಿ' ಅಂದ."

"ಹೂಂ. ಇನ್ನೊಂದು. ಬುಧವಾರ ಆ ಫೋನುಗಳಿಗೆ ಕುಂಕುಮ ಎಲ್ಲಿಟ್ರಿ?"

"ಹಣೆಗೆ."

"ಫೋನಿಗೆ ಹಣೆ ಯಾವ್ದು ಚಿನ್ನಪ್ಪನೋರೇ?"

"ಮೇಲ್ಗಡೆ, ನಟ್ಟನಡುವೆ. ಇನ್ನೆಲ್ಲಿ? ಎಲ್ಲದಕ್ಕೂ ಅಲ್ಲೇ ಇಟ್ಟೆ. ನಮ್ಮ ಸ್ಟುಡಿಯೋ ಕ್ಯಾಮೆರಾಗೂ ಪೆಟ್ಟಿಗೆ ಮೇಲ್ಗಡೆ ನಡುವೆ ತಾನೇ ಇಡ್ತಿದ್ದದ್ದು."

ಸೀತಮ್ಮನವರು ಬಹಳ ಹೊತ್ತು ನಕ್ಕರು. "ನಾಲ್ಕು ಗಂಟೆಗೆ ಎಲ್ಲರನ್ನೂ ಶೆಡ್ಡಿಗೆ ಬರೋಕೆ ಹೇಳಿ. ಬಾಳೆಲೆ, ಗಂಧ, ಕುಂಕುಮ ತಯಾರಿರಲಿ. ನೀರಿನ ಡ್ರಮ್ಮು ತುಂಬಿಸಿಡಿ," ಎಂದಷ್ಟೇ ಹೇಳಿದರು.

ನಾಲ್ಕಕ್ಕೆ ಸರಿಯಾಗಿ ಚಿದಾನಂದ್ ಬಂದರು. ಸಿಟ್ಟಿನಲ್ಲಿದ್ದರು. ಆ ಇಬ್ಬರು ಮಕ್ಕಳಲ್ಲಿ ಒಬ್ಬಳು ಅವರ ಮೊಮ್ಮಗಳು. ಮೂವರೂ ಮನೆಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ ಎಂದು ತಿಳಿದು ಎಲ್ಲರೂ ಉಸಿರು ಬಿಟ್ಟರು. ಸಿದ್ದರಾಜು ಮಾತ್ರ ಅವರ ಮುಖ ನೋಡಲಾರದೆ ಏಣಿಯ ಹಿಂದೆ ಸರಿದು ನಿಂತ.

"ಇವನೇನಾ ತೊಳೆದೆ ಅಂದೋನು?" ಚಿದಾನಂದ್ ಗುಡುಗಿದರು.

"ಅದನ್ನೇ ನೋಡೋಕೆ ಸೇರಿದ್ದೀವಿ, ಕೂತ್ಕೊಳ್ಳಿ," ಎಂದರು ಸೀತಮ್ಮ. "ಎಲ್ಲರೂ ಬುಧವಾರದ ಹಾಗೇ ನಿಮ್ಮ ನಿಮ್ಮ ಫೋನನ್ನ ಬಾಳೆಲೆ ಮೇಲೆ ಬೋರಲು ಇಡಿ. ಸಿದ್ದರಾಜು, ನಿಂದೂ."

ನಾಲ್ಕು ಫೋನು ಬೇಗ ಬಂದವು. ಪ್ರಮೋದನದು ಕೊನೆಗೆ ಬಂತು.

"ಫೋಟೋದಲ್ಲಿ ಕೆಂಪಗಿರೋದು ತುಕ್ಕು ಅಂದ್ರಿ. ಗೋಡೆ ಮೇಲಿನ ಕಲೆ ಗೋಡೆ ಮುಗಿದಲ್ಲಿ ಮುಗೀಬೇಕು. ಈ ಕೆಂಪು ಟೈಲ್ಸಿನ ಮೇಲೂ ಇದೆ, ಮೆಟ್ಟಿಲ ಮೇಲೂ ಇದೆ, ಅದರಾಚೆ ಕತ್ತಲಿನ ಮೇಲೂ ಇದೆ. ಎಲ್ಲೂ ಅಂಚಿಲ್ಲ. ನಾನು ಮೂವತ್ತೊಂದು ವರ್ಷ ಇಂಥದ್ದನ್ನ ತಿದ್ದಿದ್ದೀನಿ. ಇದು ಸಂಪಿನಲ್ಲಿಲ್ಲ, ಕ್ಯಾಮೆರಾದ ಕಣ್ಣಿನ ಮೇಲಿದೆ. ಕಣ್ಣಿನ ಮೇಲೆ ಕೆಂಪು ಬಂದದ್ದು ಯಾವಾಗ? ಚಿನ್ನಪ್ಪನೋರೇ, ಅವತ್ತಿನ ಹಾಗೇ ಇಡಿ. ಕನ್ನಡಕ ಬೇಡ, ಅವತ್ತೂ ಹಾಕಿರಲಿಲ್ಲ."

ಚಿನ್ನಪ್ಪ ಮಂಡಿಯೂರಿ ಕೂತ. ಉಂಗುರದ ಬೆರಳಲ್ಲಿ ಗಂಧ ತೆಗೆದು ಒಂದೊಂದು ಫೋನಿನ ಹಣೆಗೂ ಹಚ್ಚಿ, ಮೇಲೆ ಕುಂಕುಮವಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಬಸವಪ್ರಸಾದರದರಲ್ಲಿ ಬೊಟ್ಟು ಬರಿಯ ಬೆನ್ನಿನ ಮೇಲೆ ಬಿತ್ತು. ರೇಖಾಳದರಲ್ಲಿ ಬಟ್ಟೆಯ ಮೇಲೆ. ಧೃತಿಯದು, ಸಿದ್ದರಾಜುವಿನದು, ಎರಡರ ಕಣ್ಣೂ ಮೂಲೆಯಲ್ಲಿ ಸುರಕ್ಷಿತವಾಗಿದ್ದವು. ಐದನೆಯದರಲ್ಲಿ ಬೊಟ್ಟಿನ ಅಂಚು ನಡುವಿನ ಗುಂಡಿನ ಗಾಜನ್ನು ಅರ್ಧ ಮುಚ್ಚಿತು.

ಸೀತಮ್ಮನವರು ಆ ಫೋನನ್ನು ಧೃತಿಯ ಕೈಗೆ ಕೊಟ್ಟರು. "ಡ್ರಮ್ಮಿನ ಒಳಗಿನ ಫೋಟೋ ತೆಗಿ."

ತೆಗೆದಳು. ನೀಲಿ ಡ್ರಮ್ಮು, ನೀರು, ಮೇಲ್ಗಡೆ ಅದೇ ಕೆಂಪು ಮಬ್ಬು.

ಬಸವಪ್ರಸಾದ್ ಪ್ರಮೋದನ ಕಡೆ ತಿರುಗಿದರು.

"ಈಗ ಲೆಕ್ಕ ಸುಲಭ," ಎಂದರು ಸೀತಮ್ಮ. "ಹಬ್ಬದ ಮುಂಚಿನ ಸೋಮವಾರ ಯಾರ ಫೋನಿನ ಮೇಲೂ ಕುಂಕುಮ ಇರಲಿಲ್ಲ. ಹಾಗಾಗಿ ಇದು ಸಿದ್ದರಾಜು ಸೋಮವಾರ ತೆಗೆದದ್ದಲ್ಲ. ಬುಧವಾರ ಹನ್ನೊಂದು ಗಂಟೆಯ ಪೂಜೆ ಆದ ಮೇಲೆ, ಸಂಜೆ ಆರು ನಲವತ್ತರ ಒಳಗೆ, ಈ ಒಂದು ಫೋನಲ್ಲಿ ತೆಗೆದದ್ದು. ಇವತ್ತು ಬೆಳಗ್ಗೆ ಬೇರೆಯವರ ಹಳೇ ಕುಂಕುಮ ಹಾಗೇ ಇತ್ತು, ಇದರದು ಮಾತ್ರ ಉಜ್ಜಿ ತೊಳೆದಿತ್ತು. ಫೋಟೋ ಕಳಿಸಿದ ಮೇಲೆ ಕೆಂಪು ಕಂಡಿರಬೇಕು. ಇನ್ನು ಗೋಡೆ ಮೇಲೆ ಇಲ್ಲದ ಚೀಟಿ. ಮುಗಿದ ಕೆಲಸ ಕಣ್ಮುಂದೆ ಇರಲಿ ಅಂತ ಸಿದ್ದರಾಜು ಹೇಳಿದ್ದ. ಆ ಚೀಟಿ ಇದ್ರೆ ಕಷ್ಟ ಯಾರಿಗೆ? ಪಟ್ಟಿ ಚೊಕ್ಕಟವಾಗಿ ಕಾಣಬೇಕು ಅಂತ ಆಸೆ ಇದ್ದೋನಿಗೆ. ಅಲ್ವೇನಪ್ಪ ಪ್ರಮೋದ್?"

ಪ್ರಮೋದ್ ತನ್ನ ಬ್ಯಾಗು ತೆರೆದ. ಪುಸ್ತಕವೊಂದರ ನಡುವಿನಿಂದ ಹಳದಿ ಚೀಟಿ ತೆಗೆದ.

"ಹರಿದು ಹಾಕೋಕೆ ಕೈ ಬರಲಿಲ್ಲ ಆಂಟಿ. ಮುಗಿದದ್ದೆಲ್ಲ ಕೂಡಿಕೊಂಡ್ರೆ ಪಟ್ಟಿ ಸಂತೆ ಥರ ಕಾಣ್ತಿತ್ತು. ಮುಗಿದ ತಕ್ಷಣ ಮಾಯ ಆದ್ರೆ ಎಷ್ಟು ಚೆನ್ನಾಗಿತ್ತು! ಧೃತಿ ನೋಡಿದ್ರೆ ಬಿಡಲ್ಲ ಅಂತ ಕಿತ್ತಿಟ್ಟೆ. ಮೂವತ್ತೆರಡು ಜನರ ಚೀಟೀಲಿ ಒಂದು ಹೋದ್ರೆ ಗೊತ್ತಾಗಲ್ಲ ಅಂದ್ಕೊಂಡೆ." ಅವನು ಚೀಟಿಯನ್ನು ಬಾಳೆಲೆಯ ಪಕ್ಕ ಇಟ್ಟ. "ಬುಧವಾರ ಸಂಜೆ ನೋಡಿದ್ರೆ ಇದೊಂದೇ ಬಾಕಿ. ನಾಲ್ಕು ತಿಂಗಳ ಕೆಲಸ ಹೋಗುತ್ತಲ್ಲ ಅನ್ಸ್ತು. ಸಿದ್ದರಾಜಣ್ಣ ಶುಕ್ರವಾರ ತೊಳೀತೀನಿ ಅಂತ ರೇಖಾಗೆ ಹೇಳಿದ್ದು ಕೇಳಿಸ್ಕೊಂಡಿದ್ದೆ. ಹೇಗೂ ತೊಳೀತಾರೆ, ಎರಡು ದಿನ ಮುಂಚೆ ಗುರುತು ಹಾಕಿದ್ರೆ ಯಾರಿಗೇನು ಅಂದ್ಕೊಂಡು, ಮನೆ ಹತ್ರದ ಕೋಣನಕುಂಟೆ ಸಂಪಿನ ಮುಚ್ಚಳ ಎತ್ತಿ ಫೋಟೋ ತೆಗೆದೆ. ಗುರುತು ಹಾಕಿದ ತಕ್ಷಣ ಅವರ ಪಟ್ಟಿಯಿಂದ ಅದು ಮಾಯ ಆಗುತ್ತೆ ಅನ್ನೋದು ನನಗೆ ಹೊಳೀಲೇ ಇಲ್ಲ. ಹಾಗೆ ಮಾಡಿದೋನೂ ನಾನೇ."

"ಅವನು ಎರಡು ತಿಂಗಳ ಹಿಂದೇನೇ ಹೇಳಿದ್ದ ಕಣಪ್ಪ," ಎಂದರು ಸೀತಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಬುಧವಾರದ್ದು ಆಸೆ ಅಂದ್ಕೊಳ್ಳೋಣ. ಭಾನುವಾರ ಮಕ್ಕಳು ಆಸ್ಪತ್ರೆಗೆ ಹೋದ್ರು, ಇವನ ಕೆಲಸ ಹೋಯ್ತು. ಆಗ ಸುಮ್ಮನಿದ್ಯಲ್ಲ, ಅದಕ್ಕೆ ಏನಂತ ಹೆಸರಿಡ್ತೀಯ?"

ಬಸವಪ್ರಸಾದ್ ಏಣಿಯ ಹತ್ತಿರ ಹೋದರು. "ಸಿದ್ದರಾಜು, ತಪ್ಪಾಯ್ತು ಕಣಯ್ಯ. ನಾಳೆಯಿಂದ ಬಾ."

"ಆ ಫೋಟೋ ನನಗೆ ಒಂದ್ಸಲ ತೋರಿಸಿದ್ರೆ ನಿನ್ನೇನೇ ಹೇಳ್ತಿದ್ದೆ ಸಾರ್, ಇದು ಕೋಣನಕುಂಟೇದು ಅಂತ," ಎಂದ ಸಿದ್ದರಾಜು. "ಫೋಟೋ ನೋಡಿದ್ರಿ, ನನ್ನ ಕೇಳಲಿಲ್ಲ." ಆಮೇಲೆ ಚಿದಾನಂದರ ಕಡೆ ತಿರುಗಿದ. "ಬೆಳಗ್ಗೆ ಬರ್ತೀನಿ ಸಾರ್. ನಿಮ್ಮ ಕಣ್ಣೆದುರಿಗೇ ತೊಳೀತೀನಿ. ಮೊದಲ ಬೊಗಸೆ ನಾನೇ ಕುಡೀತೀನಿ."

ಚಿದಾನಂದ್ ಎದ್ದು ಅವನ ಹತ್ತಿರ ಬಂದರು. "ಎರಡನೇದು ನನಗೆ ಕೊಡು," ಎಂದರು.

ಮಂಗಳವಾರ ಕತ್ರಿಗುಪ್ಪೆಗೆ ಚಿನ್ನಪ್ಪನೂ ಹೋದ. ಪ್ರಮೋದ್ ಯಾರೂ ಕರೆಯದೆ ಬಂದಿದ್ದ. ಪ್ಯಾಂಟು ಮಡಚಿ ಏಣಿ ಇಳಿದು, ಮೂರು ಗಂಟೆ ಪಾಚಿ ಉಜ್ಜಿದ. "ಮೂಲೆ ಬಿಟ್ಟೆ ನೋಡು ಗುರು, ಅಲ್ಲೇ ಇರೋದು ಕೊಳೆ," ಎಂದು ಸಿದ್ದರಾಜು ಮೇಲಿನಿಂದ ಟಾರ್ಚು ಬಿಟ್ಟು ತೋರಿಸುತ್ತಿದ್ದ. ಹೊಸ ನೀರು ಬಂದಾಗ ಮೊದಲ ಬೊಗಸೆ ಅವನು ಕುಡಿದ, ಎರಡನೆಯದು ಚಿದಾನಂದರು. ಮೂರನೆಯದನ್ನು ಸಿದ್ದರಾಜು ತಾನಾಗಿ ಎತ್ತಿ ಪ್ರಮೋದನ ಕೈಗೆ ಸುರಿದ. ಸಂಜೆ ಫೋನಿನಲ್ಲಿ ಕತ್ರಿಗುಪ್ಪೆಯ ಚಿತ್ರ ಗುರುತಿನ ಸಮೇತ ಹಾಗೇ ಉಳಿದಿತ್ತು. ಅಷ್ಟನ್ನು ಪ್ರಮೋದ್ ಸೋಮವಾರ ರಾತ್ರಿಯೇ ಬದಲಾಯಿಸಿದ್ದ.

ಪ್ರಮೋದನಿಗೆ ಯಾರೂ ಹೋಗು ಎನ್ನಲಿಲ್ಲ. ಇರು ಎಂದೂ ಯಾರೂ ಅನ್ನಲಿಲ್ಲ. ಅವನೇ ಕೆಲಸ ಬಿಟ್ಟ. ಗುರುವಾರ ಬೆಳಗ್ಗೆ, ಹೊರಡುವ ಮುಂಚೆ, ಹಳದಿ ಸಾಲಿನ ಖಾಲಿ ಜಾಗದಲ್ಲಿ ಆರನೇ ಚೀಟಿಯನ್ನು ತಾನೇ ಅಂಟಿಸಿ, ಕೆಳಗಿಳಿದು ಬಂದು ಚಿನ್ನಪ್ಪನಿಗೆ "ಬರ್ತೀನಿ ತಾತ" ಎಂದ. ಅವನ ಜೇಬಿನಿಂದ ಫೋನಿನ ಬೆನ್ನು ಇಣುಕುತ್ತಿತ್ತು. ಗಾಜಿನ ಮೇಲಿನದಷ್ಟನ್ನು ಒರೆಸಿಕೊಂಡು, ಹಣೆಯ ಕುಂಕುಮವನ್ನು ಹಾಗೇ ಬಿಟ್ಟಿದ್ದ.